ನಮ್ಮ ಮನೆಗೆ ಪೇಟಿಯವರು ಅಂತ ಯಾಕಂತಾರೆ?

ಗೋಕಾಕ ಫಾಲ್ಸ್ ಕಡೆ ಮಿಲ್ಲಿಗೆ ಹೋದವರು ಒಬ್ಬರೂ ಇಲ್ಲದ ಮನೆ ಸಿಗೋದು ಕಡಿಮೆ. 1880ರ ದಶಕದಲ್ಲಿ ಘಟಪ್ರಭೆ ಧುಮುಕುವ ಜಾಗದಲ್ಲೇ ನೂಲಿನ ಮಿಲ್ಲು ಶುರುವಾಯಿತು. ನಮ್ಮಜ್ಜ ಅಲ್ಲಿ ನೂಲು ತೆಗೆಯೋ ರಿಂಗ್ ಫ್ರೇಮ್ ಮೇಲೆ ಮೂವತ್ತು ವರ್ಷ ದುಡಿದ, ಅಜ್ಜಿ ನೂಲು ಲಡಿ ಸುತ್ತೋ ರೀಲಿಂಗ್‌ನಲ್ಲಿ. ನಮ್ಮದು ಮಿಲ್ಲಿನವರ ಮನೆ ಅಂತಲೇ ತಿಳಿದಿದ್ದೆ. ಆದರೆ ಊರಿನ ಹಳಬರು ನಮಗೆ 'ಪೇಟಿಯವರು' ಅಂತಾರೆ. ಪ್ಯಾಟಿಯಲ್ಲಿ, ಅಂದರೆ ಪೇಟೆಯಲ್ಲಿ, ಯಾವುದೋ ಕಾಲಕ್ಕೆ ಅಂಗಡಿ ಇತ್ತೇನೋ ಅಂದುಕೊಂಡು ಸುಮ್ನಿದ್ದೆ.

ಹುಡುಕೋಕೆ ಶುರು ಮಾಡಿದ್ದು ಅಜ್ಜನ ಶಾಲೆಯ ಜನರಲ್ ರಿಜಿಸ್ಟರಿನಿಂದ. ಹುಟ್ಟಿದ ದಿನ ಜೂನ್ 1. (ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಜೂನ್ 1ಕ್ಕೆ, ಎಲ್ಲಾ ಹೆಡ್ ಮಾಸ್ತರರ ಕೃಪೆ. ಆ ಕಾಲಂ ನಂಬಬೇಡಿ.) ನಂಬಬೇಕಾದ್ದು 'ಹಿಂದಿನ ಶಾಲೆ' ಅನ್ನೋ ಕಾಲಂ. ಅಲ್ಲಿ ಬಾಗಲಕೋಟೆ ಅಂತಿತ್ತು. ಬಾಗಲಕೋಟೆಯ ಶಾಲೆಗೆ ಹೋದರೆ ಅಲ್ಲಿ ಗದಗ ಅಂತಿತ್ತು. ಮಿಲ್ಲಿನವನ ಮಗ ಎರಡು ವರ್ಷದಲ್ಲಿ ಮೂರು ಊರು ಯಾಕೆ ತಿರುಗಿದ?

ಅಜ್ಜನ ತಂಗಿ ಇನ್ನೂ ಇದ್ದಾಳೆ. ಕೇಳಿದರೆ, 'ಅದನ್ನೆಲ್ಲ ಯಾಕ ಕೆದರತಿ ತಮ್ಮಾ' ಅಂದಳು, ಅಷ್ಟೇ. ಎರಡು ಸಲ ಹೋಗಿ ಬರಿಗೈಲಿ ಬಂದೆ. ಮೂರನೇ ಸಲ ಮುತ್ತಜ್ಜನ ಮಾತೇ ತೆಗೆಯಲಿಲ್ಲ, ಸಣ್ಣವಳಿದ್ದಾಗ ಯಾವ ಯಾವ ಜಾತ್ರೆ ನೋಡಿದ್ದಿ ಅಂತ ಕೇಳಿದೆ. ಬಾಯಿ ಬಿಟ್ಟಳು ನೋಡಿ! ಬಾದಾಮಿ ಬನಶಂಕರಿ, ಬನದ ಹುಣ್ಣಿಮೆ, ಸಾಲು ಸಾಲು ನಾಟಕದ ತಂಬು, ಪರದೆಯ ಹಿಂದೆ ಟ್ರಂಕಿನ ಮೇಲೆ ಮಲಗಿದ್ದು, 'ಅಪ್ಪ ಕಾಲಿಪಟ್ಟಿ ಹಿಡದ್ರ ನಮಗ ನಿದ್ದಿ ಹಾರತಿತ್ತು.' ಪೇಟಿ ಅಂದರೆ ಹಾರ್ಮೋನಿಯಂ, ಕಾಲಿಪಟ್ಟಿ ಅಂದರೆ ಅದರ ಕಪ್ಪು ಮನೆ. ಮುತ್ತಜ್ಜ ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರ! ಮುಚ್ಚಿಟ್ಟಿದ್ದು ಯಾಕೆ ಅಂದೆ. 'ನಾಟಕದವನ ಮಗಗ ಯಾರ ಹೆಣ್ಣ ಕೊಡತಿದ್ರು? ಮಿಲ್ಲಿನ ಪಗಾರ ನೋಡಿ ಕೊಟ್ರು.'

1934ರಲ್ಲಿ ಕನ್ನಡ ಟಾಕಿ (ಮಾತಾಡೋ ಸಿನಿಮಾ) ಬಂದ ಮೇಲೆ ಅನೇಕ ಕಂಪನಿಗಳಿಗೆ ಪೆಟ್ಟು ಬಿತ್ತಲ್ಲ, ನಮ್ಮವರು ಮಿಲ್ಲಿನ ಭೋಂಗಾ (ಸೈರನ್) ಹುಡುಕಿಕೊಂಡು ಬಂದಿದ್ದೂ ಅದೇ ಸುಮಾರಿಗೆ. ಆದರೆ ಬಂದಿದ್ದಕ್ಕೆ ಅದೇ ಕಾರಣ ಅಂತ ನಾನು ಬರೆದುಕೊಂಡಿಲ್ಲ. ಅಜ್ಜನ ತಂಗಿ ಹೇಳಿದ ಕಾರಣ ಬೇರೆ, ಮುತ್ತಜ್ಜಿಯ ಕಾಯಿಲೆ.

ಸರ್ಕಾರಿ ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಹಳೇ ದಾಖಲೆ ಎಷ್ಟೋ ಮರಾಠಿ ಬರೆಯೋಕೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಓದಬಲ್ಲ ಮುದುಕರೊಬ್ಬರಿಗೆ ಪುಟಕ್ಕಿಷ್ಟು ಅಂತ ಕೊಟ್ಟೆ. ಸಿಕ್ಕಿದ್ದು ಎರಡು ಹೆಸರು, ಒಂದು ಸಾಲದ ಲೆಕ್ಕ.

ಅದಕ್ಕಿಂತ ಜಾಸ್ತಿ ಸಿಕ್ಕಿದ್ದು ಹೆಳವನಿಂದ. ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ಹೆಳವರು ಮನೆತನಗಳ ವಂಶಾವಳಿ ಹೇಳುತ್ತಾ, ಬರೆದಿಡುತ್ತಾ ಊರೂರು ತಿರುಗುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ನಮ್ಮವ ಬೈಕಿನ ಮೇಲೆ ಬಂದ. ಕಟ್ಟೆ ಮೇಲೆ ಕೂತು ಏಳು ತಲೆ ಹೇಳಿದ, ನಡುವೆ ತಡವರಿಸಲಿಲ್ಲ. ಎಲ್ಲಾ ಗಂಡಸರ ಹೆಸರೇ. ಹೆಣ್ಣುಮಕ್ಕಳು ಅಂದೆ. 'ಆ ಲೆಕ್ಕ ನಮ್ಮಲ್ಲಿಲ್ರಿ' ಅಂದ. ನನಗೆ ಸಿಟ್ಟು ಬಂತು, ಆದರೆ ಅವನ ಮೇಲೆ ಯಾಕೆ ಬರಬೇಕು, ನಮ್ಮ ಮನೆಯವರು ಹೇಳಿದ್ದನ್ನೇ ಅವರಪ್ಪ ಬರೆದಿದ್ದು.

ಇನ್ನೊಂದು, ಅವನ ಪುಸ್ತಕದಲ್ಲಿ ಮುತ್ತಜ್ಜನ ಹೆಸರಿನ ಮುಂದೆ 'ಒಕ್ಕಲುತನ' ಅಂತಿತ್ತು! ಹೆಳವನಿಗೂ ಸುಳ್ಳು ಹೇಳಿದ್ದರು. ಅಜ್ಜನ ತಂಗಿ ಒಳಗಿಂದ ಎದ್ದು ಬಂದು, 'ಪೇಟಿ ಮಾಸ್ತರ ಅಂತ ಬರಿಯಪ್ಪ' ಅಂದಳು. ಬರೆದುಕೊಂಡ. ಆಮೇಲೆ ತನ್ನ ಹೆಸರೂ ಹೇಳಿದಳು. ಅವ ನನ್ನ ಮುಖ ನೋಡಿದ, ನಾನು ಅವನಿಗೆ ಕೊಡೋ ಜೋಳದ ಚೀಲ ತರಲು ಒಳಗೆ ಹೋದೆ.