ಸರ್ವೆ ಫಾರಂ ತುಂಬಿಸಿ ಆಯ್ತು, ಈಗ ಸಾಫ್ಟ್‌ವೇರ್‌ನಲ್ಲಿ ಎಲ್ಲಿಂದ ಶುರು ಮಾಡೋದು?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಪ್ರಾಜೆಕ್ಟ್ ಮಾಡುವ ಎಂಎ, ಎಂಎಸ್‌ಡಬ್ಲ್ಯೂ ಹುಡುಗ ಹುಡುಗಿಯರು ಫೋನ್ ಮಾಡಿದರೆ ಮೊದಲ ಮಾತೇ ‘ಸರ್, ಎಸ್‌ಪಿಎಸ್‌ಎಸ್ ಇದ್ರೆ ಕೊಡ್ತೀರಾ?’ ಅಂತ. ಸರ್ವೆಯ ಅಂಕಿಗಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಅದು. ಫಾರಂ ಎಲ್ಲ ತುಂಬಿಸಿ ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಸಾಫ್ಟ್‌ವೇರ್ ಒಂದು ಸಿಕ್ಕರೆ ಮಿಕ್ಕಿದ್ದೆಲ್ಲ ಅದೇ ಮಾಡಿಕೊಡುತ್ತದೆ ಅನ್ನುವ ನಂಬಿಕೆ. ಮಾಡಿಕೊಡುತ್ತದೆ, ನಿಜ. ತಪ್ಪು ಅಂಕಿ ಹಾಕಿದರೂ ಅಷ್ಟೇ ಚೆನ್ನಾಗಿ ಮಾಡಿಕೊಡುತ್ತದೆ, ಅದೇ ತೊಂದರೆ.

ಯಾವ ಸಾಫ್ಟ್‌ವೇರ್‌ನಲ್ಲಿ ತೆಗೆದರೂ ಶೇಕಡಾವಾರು ಒಂದೇ ಬರುತ್ತದೆ. ನೋಡಬೇಕಾದ್ದು ಬೇರೆ. ಫಾರಂನಲ್ಲಿ ಬರೆದದ್ದು ನಿಮ್ಮ ವರದಿಯ ಟೇಬಲ್ ಆಗುವ ತನಕ ನೀವು ಏನೇನು ಮಾಡಿದಿರಿ ಅನ್ನೋದು ಎಲ್ಲಾದರೂ ಬರೆದಿದೆಯಾ? ಅದನ್ನು ಓದಿಕೊಂಡು ಇನ್ನೊಬ್ಬರು ಮೊದಲಿಂದ ಮಾಡಿದರೆ ಅದೇ ಅಂಕಿ ಬರುತ್ತದಾ? ಸಾಫ್ಟ್‌ವೇರ್ ಆರಿಸಬೇಕಾದ್ದೂ ಇದನ್ನು ನೋಡಿಯೇ.

ಎಸ್‌ಪಿಎಸ್‌ಎಸ್ 1968ರಿಂದ ಇದೆ, 2009ರಲ್ಲಿ ಐಬಿಎಂ ಅದನ್ನು ಕೊಂಡುಕೊಂಡಿತು, ಮೆನು ಒತ್ತಿ ಕೆಲಸ ಮಾಡಬಹುದು, ಕಲಿಯೋಕೆ ಸುಲಭ. ಆದರೆ ಲೈಸೆನ್ಸ್ ದುಬಾರಿ. ಕಾಲೇಜಿನಲ್ಲಿ ಇದ್ದರೆ ಧಾರಾಳವಾಗಿ ಬಳಸಿ. ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿ ಓಡಾಡುವ ಕ್ರ್ಯಾಕ್ ಕಾಪಿ ಹಾಕಿಕೊಳ್ಳಬೇಡಿ, ವೈರಸ್ ಬಂದು ಇರುವ ಡೇಟಾನೂ ಹೋಗುತ್ತದೆ, ಸುಮ್ನೆ ತಲೆನೋವು. ಅದರ ಬದಲು ಪಿಎಸ್‌ಪಿಪಿ ಅಂತ ಒಂದಿದೆ. ಪೂರ್ತಿ ಉಚಿತ, ನೋಡೋಕೆ ಎಸ್‌ಪಿಎಸ್‌ಎಸ್ ಥರಾನೇ, ಅದರ ಫೈಲ್‌ಗಳನ್ನೂ ತೆರೆಯುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಜಮೋವಿ ಕೂಡ ಉಚಿತ, ಟೇಬಲ್‌ಗಳು ಅಚ್ಚುಕಟ್ಟಾಗಿ ಬರುತ್ತವೆ. ಇನ್ನು ಆರ್. ಇದು ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಇಬ್ಬರೂ ಸೇರಿ ಶುರು ಮಾಡಿದ್ದು, ಮೊದಲ ಪೂರ್ಣ ಆವೃತ್ತಿ 2000ರಲ್ಲಿ ಬಂತು. ಇದೂ ಉಚಿತ, ಆದರೆ ಕಮಾಂಡ್ ಟೈಪ್ ಮಾಡಬೇಕು, ಮೊದಲ ವಾರ ಕೈ ಸಾಗೋದಿಲ್ಲ. ಸ್ಟಾಟಾ ಚೆನ್ನಾಗಿದೆ, ದುಡ್ಡು ಕೊಡಬೇಕು, ಅದನ್ನು ಇಲ್ಲಿಗೆ ಬಿಡೋಣ.

ಎಕ್ಸೆಲ್ ಸಾಕಾಗಲ್ವಾ ಅಂತ ಕೇಳುವವರಿದ್ದಾರೆ. ಡೇಟಾ ತುಂಬೋಕೆ ಸಾಕು. ಲೆಕ್ಕಕ್ಕೆ ಬೇಡ ಅನ್ನೋದು ನನ್ನ ಮಾತು, ಯಾಕಂದ್ರೆ ಎಲ್ಲಿ ಒತ್ತಿದಿರಿ, ಯಾವ ಸಾಲು ಅಳಿಸಿದಿರಿ ಅನ್ನೋದಕ್ಕೆ ಅಲ್ಲಿ ಗುರುತೇ ಉಳಿಯೋದಿಲ್ಲ. ಮೊದಲ ಸಲ ಮಾಡುವವರು ಪಿಎಸ್‌ಪಿಪಿ ಹಾಕಿಕೊಳ್ಳಿ. ಮುಂದೆ ಹೇಳುವ ಮೆನುಗಳು ಎಸ್‌ಪಿಎಸ್‌ಎಸ್‌ನಲ್ಲೂ ಹೆಚ್ಚುಕಮ್ಮಿ ಅದೇ ಹೆಸರಿನಲ್ಲಿ ಇರುತ್ತವೆ.

ಆದರೆ ಪಿಎಸ್‌ಪಿಪಿಯನ್ನು ಈಗಲೇ ತೆರೆಯಬೇಡಿ. ಮೊದಲು ಒಂದು ನೋಟ್‌ಬುಕ್ ತಗೊಂಡು ಕೋಡ್ ಬುಕ್ ಬರೆಯಿರಿ. ಫಾರಂನ ಪ್ರತಿ ಪ್ರಶ್ನೆಗೂ ಒಂದು ಚಿಕ್ಕ ಹೆಸರು, ಅದರ ಉತ್ತರಗಳಿಗೆ ನಂಬರ್: ಗಂಡು 1, ಹೆಣ್ಣು 2, ಬೋರ್‌ವೆಲ್ 1, ಕೆರೆ 2, ಹೀಗೆ. ಬಾಗೇಪಲ್ಲಿ ಕಡೆ ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಂಡು ಬರುತ್ತೀರಿ, ಒಬ್ಬರು ಕಡಲೆಕಾಯಿ ಅಂತ ಬರೆದರೆ ಇನ್ನೊಬ್ಬರು ಶೇಂಗಾ ಅಂತ ಬರೆದಿರುತ್ತಾರೆ, ಕಂಪ್ಯೂಟರ್‌ಗೆ ಅವೆರಡೂ ಬೇರೆ ಬೇರೆ ಬೆಳೆ. ಊರಿನ ಹೆಸರಿನ ಕಥೆಯಂತೂ ಕೇಳಲೇಬೇಡಿ, ಶಿಡ್ಲಘಟ್ಟ, ಸಿಡ್ಲಘಟ್ಟ, ಶಿಡ್ಲಗಟ್ಟ ಅಂತ ಮೂರು ತಾಲ್ಲೂಕು ಹುಟ್ಟಿಕೊಂಡಿರುತ್ತವೆ. ನಂಬರ್ ಹಾಕಿದರೆ ಈ ಗೋಜಲೇ ಇಲ್ಲ.

ನಮ್ಮ ಕಡೆ ಎಲ್ಲರೂ ಎಡವುವುದು ಜಮೀನಿನ ಲೆಕ್ಕದಲ್ಲಿ. ರೈತರು ಎಕರೆ ಗುಂಟೆಯಲ್ಲೇ ಹೇಳುತ್ತಾರೆ, ಪಹಣಿಯಲ್ಲೂ ಹಾಗೇ ಇರುತ್ತದೆ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ಫಾರಂನಲ್ಲಿ 2.20 ಅಂತ ಬರೆಯುತ್ತೀರಿ. ಸಾಫ್ಟ್‌ವೇರ್ ಅದನ್ನು ಎರಡೂ ಕಾಲು ಎಕರೆಗೂ ಕಮ್ಮಿ ಅಂತ ಓದುತ್ತದೆ. ಎಕರೆಗೆ 40 ಗುಂಟೆ ಅಲ್ವಾ, ಹಾಗಾಗಿ ಅದು ನಿಜಕ್ಕೂ 2.5 ಎಕರೆ, 12 ಗುಂಟೆ ಗಾಳಿಗೆ ಹೋಯಿತು. ಒಂದು ಎಕರೆ 38 ಗುಂಟೆ ಇನ್ನೂ ಮಜಾ, 1.38 ಅಂತ ಕೂರುತ್ತದೆ, ಇರಬೇಕಾದ್ದು 1.95. 1.5 ಅಂತ ಇದ್ದರೆ ಅದು ಒಂದೂವರೆ ಎಕರೆಯೋ ಒಂದು ಎಕರೆ ಐದು ಗುಂಟೆಯೋ, ಫಾರಂ ತುಂಬಿದವರಿಗೇ ಒಂದು ತಿಂಗಳ ಮೇಲೆ ಹೇಳೋಕಾಗಲ್ಲ. 2-20 ಅಂತ ಗೆರೆ ಹಾಕಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಫೆಬ್ರವರಿ ತಿಂಗಳ ತಾರೀಕು ಮಾಡಿಬಿಡುತ್ತದೆ. ಆದ್ದರಿಂದ ಎರಡು ಕಾಲಂ ಮಾಡಿ, ಒಂದು ಎಕರೆಗೆ, ಇನ್ನೊಂದು ಗುಂಟೆಗೆ. ಗುಂಟೆ ಕಾಲಂನಲ್ಲಿ 39ಕ್ಕಿಂತ ಜಾಸ್ತಿ ಕಂಡರೆ ಅಲ್ಲೇ ತಪ್ಪು ಸಿಕ್ಕಿತು. ಆಮೇಲೆ ಪಿಎಸ್‌ಪಿಪಿಯಲ್ಲಿ ಟ್ರಾನ್ಸ್‌ಫಾರ್ಮ್ ಮೆನುವಿನ ಕಂಪ್ಯೂಟ್‌ಗೆ ಹೋಗಿ, ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸಿ, ಒಟ್ಟು ಜಮೀನು ಅಂತ ಮೂರನೇ ಕಾಲಂ ಬರುತ್ತದೆ.

ಆದಾಯದಲ್ಲೂ ಇದೇ ಕಥೆ. ಡೈರಿಗೆ ಹಾಲು ಹಾಕುವವರು ಬಟವಾಡೆ ಲೆಕ್ಕದಲ್ಲಿ ಹೇಳುತ್ತಾರೆ, ರೇಷ್ಮೆ ಹುಳು ಸಾಕುವವರು ಒಂದು ಬೆಳೆಗೆ ಇಷ್ಟು ಅನ್ನುತ್ತಾರೆ, ಕೂಲಿಗೆ ಹೋಗುವವರು ದಿನದ ಲೆಕ್ಕ. ನೀವು ಮನೆಯಲ್ಲೇ ಕೂತು ತಲೆಯಲ್ಲಿ ಗುಣಿಸಿ ವರ್ಷದ ಮೊತ್ತ ಬರೆಯಬೇಡಿ. ಹೇಳಿದ ಮೊತ್ತ ಒಂದು ಕಾಲಂ, ವರ್ಷಕ್ಕೆ ಅಂಥವು ಎಷ್ಟು ಸಲ ಅನ್ನೋದು ಇನ್ನೊಂದು ಕಾಲಂ. ಗುಣಾಕಾರ ಸಾಫ್ಟ್‌ವೇರ್ ಮಾಡಲಿ.

ಉತ್ತರ ಕೊಡದವರಿಗೆ 99 ಹಾಕುವ ಅಭ್ಯಾಸ ಇದೆ. ಹಾಕಿ, ಆದರೆ ಅದು ‘ಗೊತ್ತಿಲ್ಲ’ ಅಂತ ಸಾಫ್ಟ್‌ವೇರ್‌ಗೆ ಹೇಳಬೇಕು. ಹತ್ತು ಮನೆ, ಒಂಬತ್ತು ಮನೆಯಲ್ಲಿ ಸೇರಿ 20 ಹಸು, ಹತ್ತನೆಯವರು ಹೇಳಲಿಲ್ಲ ಅಂತ 99 ಹಾಕಿದಿರಿ ಅಂದುಕೊಳ್ಳಿ. ಸುಮ್ನೆ ಸರಾಸರಿ ತೆಗೆದರೆ ಮನೆಗೆ 11.9 ಹಸು! ನಿಜವಾದದ್ದು 2.2. ಹಸುವಿಗಾದರೆ ಕಣ್ಣಿಗೆ ಹೊಡೆಯುತ್ತದೆ. ವಯಸ್ಸಿನ ಕಾಲಂನಲ್ಲಿ ಅಲ್ಲೊಂದು ಇಲ್ಲೊಂದು 99 ಇದ್ದರೆ ಯಾರಿಗೂ ಗೊತ್ತಾಗೋದಿಲ್ಲ, ಸರಾಸರಿ ಮೆಲ್ಲಗೆ ಮೇಲೆ ಹೋಗಿರುತ್ತದೆ. ವಯಸ್ಸಿಗೆ 999 ಹಾಕೋದು ವಾಸಿ, 99 ವರ್ಷದ ಅಜ್ಜಿ ಸಿಗಲೂಬಹುದು.

ಇನ್ನೆರಡು ಸಣ್ಣ ವಿಷಯ. ‘ನೀರು ಎಲ್ಲಿಂದ? ಎಷ್ಟು ಬೇಕಾದರೂ ಟಿಕ್ ಮಾಡಿ’ ಅಂತ ಕೇಳಿದ್ದರೆ ಒಂದೇ ಕಾಲಂನಲ್ಲಿ 1,3,4 ಅಂತ ತುರುಕಬೇಡಿ. ಬೋರ್‌ವೆಲ್‌ಗೊಂದು, ಕೆರೆಗೊಂದು, ಟ್ಯಾಂಕರ್‌ಗೊಂದು ಕಾಲಂ, ಇದ್ದರೆ 1 ಇಲ್ಲದಿದ್ದರೆ 0. ಇನ್ನು ಹೆಸರು, ಫೋನ್ ನಂಬರ್, ಆಧಾರ್ ಇವೆಲ್ಲ ಬೇರೆ ಫೈಲ್‌ನಲ್ಲಿ ಇರಲಿ, ಲೆಕ್ಕ ಮಾಡುವ ಫೈಲ್‌ನಲ್ಲಿ ಮನೆಗೊಂದು ಕ್ರಮಸಂಖ್ಯೆ ಸಾಕು. ಜನ ನಂಬಿ ಹೇಳಿರುತ್ತಾರೆ, ಆ ಫೈಲ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡಬಾರದು.

ಈಗ ಫೈಲ್ ಒಳಗೆ ತರೋಣ. ಪಿಎಸ್‌ಪಿಪಿ ಹೊಸ ಎಕ್ಸೆಲ್ ಫೈಲನ್ನು ನೇರವಾಗಿ ತೆಗೆದುಕೊಳ್ಳೋದಿಲ್ಲ, ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಒತ್ತಿ ಸಿಎಸ್‌ವಿ ಯುಟಿಎಫ್-8 ಅಂತ ಇರುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತವೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿರಬೇಕು, ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ್ದರೆ ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಆಮೇಲೆ ಫೈಲ್ ಮೆನು, ಇಂಪೋರ್ಟ್ ಡೇಟಾ. ಮೊದಲ ಸಾಲು ಕಾಲಂ ಹೆಸರು ಅಂತ ಅದು ಕೇಳಿದಾಗ ತೋರಿಸಿ.

ಕೆಳಗೆ ಎರಡು ಟ್ಯಾಬ್ ಇವೆ, ಡೇಟಾ ವ್ಯೂ, ವೇರಿಯಬಲ್ ವ್ಯೂ. ಎರಡನೆಯದಕ್ಕೆ ಹೋಗಿ ನಿಮ್ಮ ಕೋಡ್ ಬುಕ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಲೇಬಲ್‌ನಲ್ಲಿ ಪೂರ್ತಿ ಪ್ರಶ್ನೆ, ವ್ಯಾಲ್ಯೂ ಲೇಬಲ್ಸ್‌ನಲ್ಲಿ 1 ಅಂದರೆ ಏನು 2 ಅಂದರೆ ಏನು, ಮಿಸ್ಸಿಂಗ್‌ನಲ್ಲಿ ಆ 99, 999. ಕೊನೆಯಲ್ಲಿ ಮೆಷರ್ ಅಂತ ಇರುತ್ತದೆ: ಜಾತಿ, ನೀರಿನ ಮೂಲದಂಥವಕ್ಕೆ ನಾಮಿನಲ್, ‘ತೃಪ್ತಿ ಇದೆ, ಪರವಾಗಿಲ್ಲ, ಇಲ್ಲ’ ಅನ್ನುವಂಥವಕ್ಕೆ ಆರ್ಡಿನಲ್, ವಯಸ್ಸು, ಜಮೀನು, ಆದಾಯಕ್ಕೆ ಸ್ಕೇಲ್. ಇದು ಬೇಜಾರಿನ ಕೆಲಸ, ಒಂದು ಸಂಜೆ ಹೋಗುತ್ತದೆ. ಆದರೆ ಇದನ್ನು ಬಿಟ್ಟು ಮುಂದೆ ಹೋದವರ ವರದಿಯಲ್ಲೇ ‘ನೀರಿನ ಮೂಲದ ಸರಾಸರಿ 1.8’ ಅನ್ನುವ ಟೇಬಲ್ ಇರೋದು. ಬೋರ್‌ವೆಲ್‌ಗೂ ಕೆರೆಗೂ ನಡುವೆ ಇರುವ ಆ 1.8 ಏನು ಅಂತ ವೈವಾದಲ್ಲಿ ಕೇಳಿದರೆ ಯಾರು ಹೇಳುತ್ತಾರೆ?

ಇನ್ನು ಅನಲೈಜ್ ಮೆನು, ಡಿಸ್ಕ್ರಿಪ್ಟಿವ್ ಸ್ಟಾಟಿಸ್ಟಿಕ್ಸ್, ಫ್ರೀಕ್ವೆನ್ಸೀಸ್. ಯಾವ ಉತ್ತರ ಎಷ್ಟು ಸಲ ಬಂದಿದೆ ಅಂತ ಎಣಿಸಿಕೊಡುವುದು ಇದು. ಎಲ್ಲ ಕಾಲಂಗಳನ್ನೂ ಒಂದೇ ಸಲ ಹಾಕಿ. ಓಕೆ ಒತ್ತುವ ಮೊದಲು ನಿಲ್ಲಿ. ಪಕ್ಕದಲ್ಲಿ ಪೇಸ್ಟ್ ಅಂತ ಒಂದು ಬಟನ್ ಇದೆ. ಯಾರೂ ಅದರ ಕಡೆ ನೋಡೋದಿಲ್ಲ, ನನ್ನನ್ನು ಕೇಳಿದರೆ ಇಡೀ ಸಾಫ್ಟ್‌ವೇರ್‌ನಲ್ಲಿ ಬೆಲೆಬಾಳೋದು ಅದೇ. ಅದನ್ನು ಒತ್ತಿದರೆ ನೀವು ಮೆನುವಿನಲ್ಲಿ ಮಾಡಿದ್ದು ಸಿಂಟ್ಯಾಕ್ಸ್ ಕಿಟಕಿಯಲ್ಲಿ ಎರಡು ಸಾಲಿನ ಕಮಾಂಡ್ ಆಗಿ ಬಂದು ಕೂರುತ್ತದೆ. ರನ್ ಮೆನುವಿನಿಂದ ಓಡಿಸಿ. ಕಂಪ್ಯೂಟ್ ಮಾಡುವಾಗಲೂ ಪೇಸ್ಟ್, ಎರಡು ಪ್ರಶ್ನೆಯ ಉತ್ತರಗಳನ್ನು ಒಂದೇ ಟೇಬಲ್‌ನಲ್ಲಿ ಸೇರಿಸಿ ಎಣಿಸುವ ಕ್ರಾಸ್‌ಟ್ಯಾಬ್ ಮಾಡುವಾಗಲೂ ಪೇಸ್ಟ್. ನಡುವೆ ನಕ್ಷತ್ರ ಚಿಹ್ನೆ ಹಾಕಿ ‘ಇಲ್ಲಿ ಗುಂಟೆ ಸೇರಿಸಿದ್ದು’ ಅಂತ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಳ್ಳಿ, ಕೊನೆಗೆ ಚುಕ್ಕಿ ಇಡೋದು ಮರೆಯಬೇಡಿ. ಆ ಫೈಲ್ ಸೇವ್ ಮಾಡಿ. ನಾಳೆ ನಾಲ್ಕು ಫಾರಂ ಹೊಸದಾಗಿ ಸೇರಿದರೆ ಎಲ್ಲ ಟೇಬಲ್ ಮತ್ತೆ ಒಂದೊಂದಾಗಿ ಒತ್ತಬೇಕಾಗಿಲ್ಲ, ಫೈಲ್ ಓಡಿಸಿದರೆ ಮುಗೀತು. ಜಮೋವಿಯಲ್ಲೂ ಸಿಂಟ್ಯಾಕ್ಸ್ ಮೋಡ್ ಆನ್ ಮಾಡಿದರೆ ಪ್ರತಿ ಟೇಬಲ್ ಮೇಲೆ ಆರ್ ಕಮಾಂಡ್ ಕಾಣಿಸುತ್ತದೆ, ಆರ್ ಕಲಿಯೋಕೆ ಅದು ಒಳ್ಳೆಯ ದಾರಿ.

ಮೊದಲ ಫ್ರೀಕ್ವೆನ್ಸಿ ಟೇಬಲ್ ಇರೋದು ವರದಿಗೆ ಹಾಕೋಕಲ್ಲ, ತಪ್ಪು ಹುಡುಕೋಕೆ. ಗಂಡು 1, ಹೆಣ್ಣು 2 ಇರುವ ಕಡೆ 12 ಕಾಣಿಸಿತಾ? ಫಾರಂ ತೆಗೆದು ನೋಡಿ ಮೂಲದಲ್ಲೇ ತಿದ್ದಿ. ಅದಾದ ಮೇಲೆ ಲೆಕ್ಕ. ಜಮೀನು, ಆದಾಯಕ್ಕೆ ಸರಾಸರಿ ಜೊತೆ ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) ಕೂಡ ತೆಗೆಯಿರಿ, ಒಬ್ಬ ದೊಡ್ಡ ದ್ರಾಕ್ಷಿ ಬೆಳೆಗಾರರು ಸಿಕ್ಕರೆ ಊರಿನ ಸರಾಸರಿಯೇ ಎದ್ದು ಕೂರುತ್ತದೆ. ಕ್ರಾಸ್‌ಟ್ಯಾಬ್‌ನಲ್ಲಿ ಶೇಕಡಾವಾರು ಅಡ್ಡಸಾಲಿಗೋ ಉದ್ದಸಾಲಿಗೋ ಅಂತ ಯೋಚನೆ ಮಾಡಿ ಹಾಕಿ. ‘ಸಣ್ಣ ರೈತರಲ್ಲಿ ಎಷ್ಟು ಜನಕ್ಕೆ ಬೋರ್‌ವೆಲ್ ಇದೆ’ ಅನ್ನೋದೂ ‘ಬೋರ್‌ವೆಲ್ ಇರುವವರಲ್ಲಿ ಎಷ್ಟು ಜನ ಸಣ್ಣ ರೈತರು’ ಅನ್ನೋದೂ ಬೇರೆ ಬೇರೆ ಪ್ರಶ್ನೆ. ಎರಡು ಉತ್ತರಗಳ ನಡುವೆ ಸಂಬಂಧ ಇದೆಯಾ ಅಂತ ನೋಡುವ ಕೈ ಸ್ಕ್ವೇರ್ ಪರೀಕ್ಷೆ ಕೇಳಿದರೆ ಕೊಡುತ್ತದೆ, ಆದರೆ ಎಕ್ಸ್‌ಪೆಕ್ಟೆಡ್ ಸಂಖ್ಯೆ (ಸಂಬಂಧವೇ ಇಲ್ಲದಿದ್ದರೆ ಬರಬೇಕಾದದ್ದು) ಐದಕ್ಕಿಂತ ಕಮ್ಮಿ ಇರುವ ಚೌಕಗಳು ಟೇಬಲ್‌ನಲ್ಲಿ ತುಂಬಾ ಇದ್ದರೆ ಅದರ ಮೇಲೆ ಭಾರ ಹಾಕಬೇಡಿ.

ಕೊನೆಯದು ವೆಯ್ಟ್. ಇದನ್ನು ಬಹಳ ಜನ ಕೇಳೇ ಇರೋದಿಲ್ಲ. ಎರಡು ತಾಲ್ಲೂಕಿನಲ್ಲಿ ತಲಾ 100 ಮನೆ ಸರ್ವೆ ಮಾಡಿದಿರಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಒಂದರಲ್ಲಿ 40,000 ಮನೆ, ಇನ್ನೊಂದರಲ್ಲಿ 10,000 ಮನೆ ಅಂತ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ನೂರಕ್ಕೆ 60 ಮನೆಗೆ ಬೋರ್‌ವೆಲ್, ಎರಡನೆಯದರಲ್ಲಿ 20. ಹಾಗೇ ಕೂಡಿಸಿದರೆ ಶೇ. 40 ಅಂತ ಬರುತ್ತದೆ. ಆದರೆ 50,000 ಮನೆಗಳಲ್ಲಿ 24,000 ಮತ್ತು 2,000, ಅಂದರೆ 26,000 ಮನೆಗೆ ಬೋರ್‌ವೆಲ್ ಇದೆ, ಅದು ಶೇ. 52. ಮೊದಲ ತಾಲ್ಲೂಕಿನ ಒಂದೊಂದು ಫಾರಂ 400 ಮನೆ ಪರವಾಗಿ ಮಾತಾಡುತ್ತಿದೆ, ಎರಡನೆಯದು 100 ಮನೆ ಪರವಾಗಿ, ಅದೇ ವೆಯ್ಟ್. ಗುಡಿಬಂಡೆಯಂಥ ಚಿಕ್ಕ ತಾಲ್ಲೂಕನ್ನೂ ಚಿಂತಾಮಣಿಯನ್ನೂ ಒಟ್ಟಿಗೆ ಹಾಕಿದಾಗ ಇದು ಬೇಕೇ ಬೇಕು. ಮನೆಗಳ ಸಂಖ್ಯೆ 2011ರ ಜನಗಣತಿಯಲ್ಲಿ ಹಳ್ಳಿವಾರು ಸಿಗುತ್ತದೆ. ಮಂಚೇನಹಳ್ಳಿ, ಚೇಳೂರು ಆಮೇಲೆ ತಾಲ್ಲೂಕಾದವು, ಆ ಪಟ್ಟಿಯಲ್ಲಿ ಅಲ್ಲಿನ ಊರುಗಳನ್ನು ಹಳೇ ತಾಲ್ಲೂಕಿನ ಕೆಳಗೆ ಹುಡುಕಬೇಕು.

ಡೇಟಾ ಮೆನುವಿನಲ್ಲಿ ವೆಯ್ಟ್ ಕೇಸಸ್ ಇದೆ, ಶೇಕಡಾವಾರು ಸರಿಯಾಗಿ ಬರುತ್ತದೆ. ಆದರೆ 400, 100 ಅಂತ ಹಾಕಿದರೆ ನಿಮ್ಮ ಹತ್ತಿರ 50,000 ಫಾರಂ ಇದೆ ಅಂತ ಅದು ತಿಳಿದುಕೊಳ್ಳುತ್ತದೆ, ಆಗ ಕೈ ಸ್ಕ್ವೇರ್‌ನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸಿಗ್ನಿಫಿಕೆಂಟ್, ಅಂದರೆ ಆಕಸ್ಮಿಕ ಅಲ್ಲ ಅಂತ ಬರುತ್ತದೆ! ವೆಯ್ಟ್‌ಗಳ ಸರಾಸರಿಯಿಂದ, ಇಲ್ಲಿ 250ರಿಂದ, ಭಾಗಿಸಿ 1.6 ಮತ್ತು 0.4 ಮಾಡಿ ಹಾಕಿ, ಒಟ್ಟು 200 ಆಗಿಯೇ ಉಳಿಯುತ್ತದೆ. ಇಷ್ಟಾದರೂ ಇನ್ನೊಂದು ಕೊರತೆ ಇದೆ. ಹಳ್ಳಿ ಆರಿಸಿ, ಆ ಹಳ್ಳಿಯಲ್ಲಿ ಹತ್ತು ಹತ್ತು ಮನೆ ತೆಗೆದುಕೊಂಡಿದ್ದರೆ ಆ ಹತ್ತೂ ಮನೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಅದೇ ಕೆರೆ, ಅದೇ ಡೈರಿ. ಅದನ್ನು ಲೆಕ್ಕಕ್ಕೆ ಹಿಡಿಯೋಕೆ ಎಸ್‌ಪಿಎಸ್‌ಎಸ್‌ನಲ್ಲಿ ಕಾಂಪ್ಲೆಕ್ಸ್ ಸ್ಯಾಂಪಲ್ಸ್ ಅನ್ನುವ ಭಾಗ ಬೇಕು. ಆರ್‌ನಲ್ಲಾದರೆ ಥಾಮಸ್ ಲಮ್ಲಿ ಬರೆದ ಸರ್ವೆ ಅನ್ನುವ ಪ್ಯಾಕೇಜ್ ಉಚಿತವಾಗಿ ಸಿಗುತ್ತದೆ. ಹಳ್ಳಿಯ ಕಾಲಂ ಯಾವುದು, ತಾಲ್ಲೂಕಿನ ಕಾಲಂ ಯಾವುದು, ವೆಯ್ಟ್ ಯಾವುದು ಅಂತ ಒಂದು ಸಲ ಹೇಳಿದರೆ ಮುಂದಿನ ಲೆಕ್ಕವೆಲ್ಲ ಅದನ್ನು ಗಮನದಲ್ಲಿ ಇಟ್ಟುಕೊಂಡೇ ಮಾಡುತ್ತದೆ. ಎರಡು ಹಂತದಲ್ಲಿ ಸ್ಯಾಂಪಲ್ ತೆಗೆದವರು ಆರ್‌ಗೆ ಬರಲೇಬೇಕು ಅನ್ನೋದು ಇದಕ್ಕೇ.

ಫಾರಂ ಇನ್ನೂ ಬಂದಿಲ್ಲ, ಅಲ್ಲಿ ತನಕ ಕೈ ಪಳಗಿಸಬೇಕು ಅಂದರೆ ಕೇಂದ್ರದ ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಫೈಲ್ ಇಳಿಸಿಕೊಳ್ಳಿ. 1950ರಿಂದ ನಡೆಯುತ್ತಿರುವ ಸಮೀಕ್ಷೆ ಅದು. ಕೋಡ್ ಬುಕ್, ವೆಯ್ಟ್ ಕಾಲಂ ಎಲ್ಲ ಜೊತೆಗೇ ಬರುತ್ತದೆ. ಕರ್ನಾಟಕದ ಸಾಲುಗಳನ್ನಷ್ಟೇ ಇಟ್ಟುಕೊಂಡು ವೆಯ್ಟ್ ಹಾಕಿ ಒಂದು ಟೇಬಲ್, ಹಾಕದೆ ಒಂದು ಟೇಬಲ್ ತೆಗೆದು ಅಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸಚಿವಾಲಯದ ವರದಿಯಲ್ಲಿ ಅಚ್ಚಾಗಿರುವ ಅಂಕಿಗೆ ಯಾವುದು ತಾಳೆಯಾಗುತ್ತದೆ ಅಂತ ಹೋಲಿಸಿ.