ಮ್ಯಾಕ್ ಅಡ್ರೆಸ್ ಪುಸ್ತಕ ಕಟ್ಟಿಟ್ಟ ಮೇಲೆ

ನಮ್ಮ ಸರ್ವರ್ ಕೋಣೆಯ ಕಪಾಟಿನಲ್ಲಿ ಈಗಲೂ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ ಇದೆ. ವಿದ್ಯಾರ್ಥಿಯ ಹೆಸರು, ತರಗತಿ, ಅದರ ಮುಂದೆ ಹನ್ನೆರಡು ಅಂಕೆ-ಅಕ್ಷರಗಳ ಒಂದು ಸಾಲು. ಅದು ಲ್ಯಾಪ್‌ಟಾಪಿನ ಮ್ಯಾಕ್ ಅಡ್ರೆಸ್. ಕಾಸರಗೋಡು ಪೇಟೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಗುಡ್ಡದ ಮೇಲಿರುವ ಈ ಕ್ಯಾಂಪಸ್ಸಿನ ನೆಟ್‌ವರ್ಕ್ ನೋಡಿಕೊಳ್ಳಲು ಸೇರಿದ ಮೊದಲ ವರ್ಷ ನಾನು ಮಾಡಿದ ಘನಕಾರ್ಯವೇ ಆ ಪುಸ್ತಕ.

ನನ್ನ ಲೆಕ್ಕ ಸರಳವಾಗಿತ್ತು. ಪ್ರತಿ ಯಂತ್ರಕ್ಕೂ ತಯಾರಿಸಿದವರು ಕೊಟ್ಟ ಒಂದು ನಂಬರ್ ಇರುತ್ತದೆ. ಮೊದಲ ಆರು ನೋಡಿದರೆ ಯಾವ ಕಂಪನಿ ಎಂದು ತಿಳಿಯುತ್ತದೆ. ಪುಸ್ತಕದಲ್ಲಿ ಇರುವ ನಂಬರಿಗೆ ವೈಫೈ ಸಿಗುತ್ತದೆ, ಇಲ್ಲದ್ದಕ್ಕೆ ಸಿಗುವುದಿಲ್ಲ. ಒಬ್ಬರಿಗೆ ಎರಡೇ ಯಂತ್ರ. ಮುಗಿಯಿತು ಅಂದುಕೊಂಡೆ.

ತರಗತಿ ಶುರುವಾದ ಮೊದಲ ವಾರ ಕೋಣೆಯ ಹೊರಗೆ ಕ್ಯೂ. ಮಕ್ಕಳು ಎಂಟು ಬರೆದದ್ದು ನನಗೆ ಬಿ ಎಂದು ಕಾಣುತ್ತಿತ್ತು. ಸೊನ್ನೆ ಬರೆಯುವಲ್ಲಿ ಡಿ ಬರುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಅವರು ಮತ್ತೆ ಕ್ಯೂವಿನ ಕೊನೆಗೆ. ಇನ್ನೊಂದು ಸಂಗತಿ ನಾನು ಯೋಚಿಸಿಯೇ ಇರಲಿಲ್ಲ. ಒಂದೇ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿದಾಗ ಒಂದು ನಂಬರ್, ವೈಫೈಯಲ್ಲಿ ಇನ್ನೊಂದು. ಪಾಪ, ಅಲ್ಲಿಗೇ ಎರಡರ ಲೆಕ್ಕ ಭರ್ತಿ.

ಹಾಗೂ ಹೀಗೂ ನಡೆಯುತ್ತಿತ್ತು. ಆಮೇಲೆ 2019ರಲ್ಲಿ ಆಂಡ್ರಾಯ್ಡ್ 10 ಬಂತು, 2020ರಲ್ಲಿ ಐಒಎಸ್ 14. ಇವು ಒಂದೊಂದು ವೈಫೈ ಹೆಸರಿಗೆ ಒಂದೊಂದು ಹುಸಿ ನಂಬರ್ ತೋರಿಸುತ್ತವೆ. ಬಳಸುವವರನ್ನು ಯಾರೂ ಹಿಂಬಾಲಿಸಬಾರದು ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ನಮ್ಮಲ್ಲಿ ಲೈಬ್ರರಿಗೆ ಒಂದು ವೈಫೈ, ಹಾಸ್ಟೆಲಿಗೆ ಇನ್ನೊಂದು. ಕೊರೊನಾ ಕಳೆದು ಕಾಲೇಜು ತೆರೆದಾಗ ಒಂದೇ ಫೋನು ಎರಡು ಕಡೆ ಎರಡು ವೇಷ ಹಾಕಿಕೊಂಡು ಬಂತು. ಗುರುತಿಸುವ ಉಪಾಯ ಒಂದಿದೆ. ಎರಡನೇ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಕಾರ್ಖಾನೆಯ ನಂಬರಲ್ಲ. ಪುಸ್ತಕ ತೆರೆದು ನೋಡಿದರೆ ಹೊಸ ಪುಟಗಳ ತುಂಬ ಅದೇ.

ಆದರೂ ನಾನು ಬಿಡಲಿಲ್ಲ. ಬಿಡಿಸಿದವನು ಒಬ್ಬ ಹುಡುಗ.

ಒಂದು ಮಧ್ಯಾಹ್ನ ಒಂದೇ ನಂಬರು ಎರಡು ಕಡೆ ಕಾಣಿಸಿತು. ಒಂದು ಲ್ಯಾಪ್‌ಟಾಪ್ ಲ್ಯಾಬಿನಲ್ಲಿ, ಒಂದು ಲೈಬ್ರರಿಯಲ್ಲಿ. ಯಾರಿಗೆ ಏನು ಕೊಡಬೇಕೆಂದು ಯಂತ್ರಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ತಿಳಿಯದೆ ಇಬ್ಬರಿಗೂ ನೆಟ್ ಬಂದು ಹೋಗಿ ಆಗುತ್ತಿತ್ತು. ಲೈಬ್ರರಿಗೆ ಹೋಗಿ ಹಿಡಿದೆ. ತನ್ನ ಎರಡರ ಲೆಕ್ಕ ಮುಗಿದದ್ದಕ್ಕೆ ಗೆಳೆಯನ ನಂಬರನ್ನೇ ತನ್ನ ಯಂತ್ರಕ್ಕೆ ಹಾಕಿಕೊಂಡಿದ್ದ. ಟರ್ಮಿನಲ್ಲಿನಲ್ಲಿ ಎರಡು ಸಾಲಿನ ಕೆಲಸ. ‘ಎಲ್ಲಿ ಕಲಿತೆ ಮಾರಾಯಾ’ ಎಂದು ಕೇಳಿದೆ. ‘ಶಾಲೆಯಲ್ಲಿ ಉಬುಂಟು ಇತ್ತಲ್ಲ ಸರ್’ ಎಂದ. ನಿಜ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ವಿಂಡೋಸಿನ ಬದಲು ಲಿನಕ್ಸಿನಲ್ಲಿ; ಉಬುಂಟು ಅದರದೇ ಒಂದು ಬಗೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತು ಬರುತ್ತಾರೆ. ಮ್ಯಾಕ್ ಬದಲಿಸುವುದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಕ್ಕಿಲ್ಲ. ಆದರೆ ಕಪ್ಪು ಪರದೆ ಕಂಡರೆ ಹೆದರದ ಹಾಗೆ ಮಾಡಿದ್ದಾರೆ, ಅಷ್ಟು ಸಾಕಲ್ವಾ?

ಅವನಿಗೆ ಬೈದೆ. ರಾತ್ರಿ ಮನೆಗೆ ಬಂದು ಯೋಚಿಸಿದಾಗ ಬೈಗುಳ ನನಗೇ ಸಲ್ಲಬೇಕು ಅನ್ನಿಸಿತು. ನಾನು ಕಾಯುತ್ತಿದ್ದದ್ದು ಯಂತ್ರಗಳನ್ನು. ನನಗೆ ಗೊತ್ತಾಗಬೇಕಾದದ್ದು ಆಳು ಯಾರು ಎಂದು.

ಆ ರಜೆಯಲ್ಲಿ 802.1ಎಕ್ಸ್ ಪದ್ಧತಿಗೆ ಹೊರಳಿದೆವು. ಹೆಸರು ದೊಡ್ಡದು, ಕೆಲಸ ಸಣ್ಣದು. ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ಲ್ಯಾಪ್‌ಟಾಪ್ ಬಂದು ಬಾಗಿಲು ತಟ್ಟಿದರೆ ವೈಫೈ ಡಬ್ಬಿ ತಾನೇ ತೀರ್ಮಾನ ಮಾಡುವುದಿಲ್ಲ. ಹೆಸರು, ಪಾಸ್‌ವರ್ಡ್ ಪರೀಕ್ಷಿಸುವ ರೇಡಿಯಸ್ ಸರ್ವರನ್ನು ಕೇಳುತ್ತದೆ. ಅದು ಹೂಂ ಅಂದರೆ ವಿದ್ಯಾರ್ಥಿಯಾದರೆ ಒಂದು ವಿಎಲ್‌ಎಎನ್ (ಒಂದೇ ನೆಟ್‌ವರ್ಕಿನೊಳಗಿನ ಪ್ರತ್ಯೇಕ ಭಾಗ), ಅಧ್ಯಾಪಕರಾದರೆ ಇನ್ನೊಂದು. ಲ್ಯಾಬಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಫ್ರೀರೇಡಿಯಸ್ ಹಾಕಿದೆ. ಅದು ಬಿಟ್ಟಿ ಸಾಫ್ಟ್‌ವೇರ್. ಬೇರೆ ಬೇರೆ ವಿಶ್ವವಿದ್ಯಾಲಯಗಳ ನಡುವೆ ಓಡಾಡುವವರು ತಮ್ಮ ಊರಿನ ಪಾಸ್‌ವರ್ಡಿನಲ್ಲೇ ವೈಫೈ ಬಳಸುವ ಎಜುರೋಮ್ ನಿಂತಿರುವುದೂ ಇದೇ ಪದ್ಧತಿಯ ಮೇಲೆ. ಸಹಾಯಕ್ಕೆ ಯಾರು ಅಂತೀರಿ? ಅದೇ ಹುಡುಗ.

ಸಲೀಸಾಗಿ ಆಯಿತು ಎಂದರೆ ಸುಳ್ಳಾಗುತ್ತದೆ. ಸರ್ವರಿಗೆ ಒಂದು ಸರ್ಟಿಫಿಕೇಟ್ ಬೇಕು. ‘ನಾನೇ ಅಸಲಿ ಸರ್ವರ್’ ಎಂದು ಫೋನಿಗೆ ತೋರಿಸುವ ಚೀಟಿ. ಹಿಂದೆ ಫೋನಿನಲ್ಲಿ ‘ಪರೀಕ್ಷಿಸಬೇಡ’ ಎಂಬ ಆಯ್ಕೆ ಇತ್ತು, ಎಲ್ಲರೂ ಅದನ್ನೇ ಒತ್ತುತ್ತಿದ್ದರು. ಆಂಡ್ರಾಯ್ಡ್ 11ರ ಹೊತ್ತಿಗೆ ಗೂಗಲ್ ಅದನ್ನು ತೆಗೆಯಿತು. ಹಾಗಾಗಿ ಒಬ್ಬೊಬ್ಬರ ಫೋನಿಗೂ ಚೀಟಿ ಹಾಕಿಕೊಟ್ಟೆವು. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು ಪುಟ, ಚಿತ್ರ ಸಮೇತ ಅಚ್ಚು ಹಾಕಿ ಗೋಡೆಗೆ ಅಂಟಿಸಿದೆವು. ಇಂಗ್ಲಿಷಿನಲ್ಲಿ ಹಾಕಿದ್ದ ಹಳೆಯ ನೋಟಿಸನ್ನು ಯಾರೂ ಓದಿರಲಿಲ್ಲ ಎಂದು ಆಗ ಗೊತ್ತಾಯಿತು.

ಆ ಚೀಟಿಗೆ ನಾನು ಒಂದೇ ವರ್ಷದ ಅವಧಿ ಕೊಟ್ಟಿದ್ದೆ. ಕೊಟ್ಟದ್ದು ಮರೆತೂ ಹೋಗಿತ್ತು. ಸರಿಯಾಗಿ ಒಂದು ವರ್ಷಕ್ಕೆ, ಇಂಟರ್ನಲ್ ಮಾರ್ಕ್ ಅಪ್‌ಲೋಡ್ ಮಾಡುವ ಸೋಮವಾರ, ಇಡೀ ಕ್ಯಾಂಪಸ್ ಹೊರಗೆ. ಬಾಗಿಲಲ್ಲಿ ‘ನೆಟ್ ಕಿಟ್ಟುನ್ನಿಲ್ಲ’, ಫೋನಿನಲ್ಲಿ ‘ನೆಟ್ ಇಜ್ಜಿ’, ಆಫೀಸಿನಿಂದ ‘ನೆಟ್ಟು ಇಲ್ಲೆ ಭಾವ’. ಕೇಬಲ್, ಸ್ವಿಚ್, ರೂಟರ್ ಎಲ್ಲ ತಡಕಿ, ಎರಡು ತಾಸು ಕಳೆದ ಮೇಲೆ ಸರ್ವರ್ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ಓದಿದೆ. ಮೊದಲೇ ಓದಬೇಕಿತ್ತು. ಈಗ ಆ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿದೆ.

ಲ್ಯಾಪ್‌ಟಾಪ್ ಯಾರದೆಂದು ತಿಳಿದರೆ ಸಾಲದು, ಅದರ ಆರೋಗ್ಯವೂ ನೋಡಬೇಕು. ನಮ್ಮಲ್ಲಿ ರೋಗ ಬರುವುದು ಇಂಟರ್ನೆಟ್ಟಿನಿಂದ ಕಮ್ಮಿ, ಪೆನ್‌ಡ್ರೈವಿನಿಂದ ಜಾಸ್ತಿ. ಪ್ರಾಜೆಕ್ಟ್ ಪ್ರಿಂಟ್ ಹಾಕಲು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಬಂದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಅದು ಒಬ್ಬರಿಂದ ಒಬ್ಬರಿಗೆ ಹರಡದಂತೆ ವೈಫೈಯಲ್ಲಿ ಲ್ಯಾಪ್‌ಟಾಪುಗಳು ಒಂದನ್ನೊಂದು ಕಾಣದ ಹಾಗೆ ಮಾಡಿದೆ. ಎಲ್ಲರೂ ಇಂಟರ್ನೆಟ್ಟಿಗೆ ಹೋಗಬಹುದು, ಪಕ್ಕದವನ ಮನೆಗೆ ಹೋಗುವ ಹಾಗಿಲ್ಲ. ವಿಂಡೋಸ್ ಯಂತ್ರಗಳು ಫೈಲ್ ಹಂಚಿಕೊಳ್ಳುವ ದಾರಿಯಾದ 445ನೇ ಪೋರ್ಟನ್ನು ವಿಎಲ್‌ಎಎನ್‌ಗಳ ನಡುವೆ ಮುಚ್ಚಿದೆ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಪಿಡುಗು ಜಗತ್ತಿಡೀ ಹಬ್ಬಿದ್ದು ಅದೇ ಪೋರ್ಟಿನಲ್ಲಿ. ಮೈಕ್ರೋಸಾಫ್ಟ್ ಮದ್ದು ಕೊಟ್ಟದ್ದು ಮಾರ್ಚಿನಲ್ಲೇ. ಹಾಕಿಕೊಳ್ಳದವರು ಪೆಟ್ಟು ತಿಂದರು.

ಹಾಗಾಗಿ ಅಪ್‌ಡೇಟ್ ತಡೆಯುವ ಮಾತೇ ಇಲ್ಲ. ಆದರೆ ಅದಕ್ಕೂ ಒಂದು ತಲೆನೋವಿದೆ. ವಿಂಡೋಸಿನ ಅಪ್‌ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ. ಅಮೆರಿಕದಲ್ಲಿ ಬೆಳಗ್ಗೆ, ನಮಗೆ ರಾತ್ರಿ. ಬುಧವಾರ ಒಂಬತ್ತೂವರೆಗೆ ಲ್ಯಾಪ್‌ಟಾಪುಗಳೆಲ್ಲ ಕ್ಯಾಂಪಸ್ಸಿಗೆ ಕಾಲಿಟ್ಟ ಕೂಡಲೇ ಲೈನ್ ಕಟ್ಟಿದ ಹಾಗೆ ಆಗುತ್ತದೆ. ಆ ದಿನ ಅಪ್‌ಡೇಟಿಗೆ ಹಗಲು ಸಣ್ಣ ಪಾಲು, ಸಂಜೆ ಐದರ ನಂತರ ದೊಡ್ಡ ಪಾಲು ಎಂದು ಹಂಚಿದೆ.

ಹಾಸ್ಟೆಲಿನ ಕಥೆ ಬೇರೆ. ಯಾರೋ ಮನೆಯಿಂದ ರೂಟರ್ ತಂದು ಅದರ ಲ್ಯಾನ್ ತೂತಿಗೆ ಗೋಡೆಯ ಕೇಬಲ್ ಸಿಕ್ಕಿಸಿದರು. ಅದು ಊರಿಗೆಲ್ಲ ತಾನೇ ಐಪಿ (ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸ) ಹಂಚತೊಡಗಿತು. ಪಕ್ಕದ ಕೋಣೆಗಳಲ್ಲಿ ನೆಟ್ ಸತ್ತಿತು, ಅವರ ಕೋಣೆಯಲ್ಲೂ ಸತ್ತಿತು. ಗುರುತಿಲ್ಲದ ಡಬ್ಬಿ ಐಪಿ ಹಂಚದಂತೆ ಸ್ವಿಚ್ಚೇ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿದ ಮೇಲೆ ಆ ಕಾಟ ನಿಂತಿದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ಆಕಾಶದಲ್ಲಿತ್ತು. ಹಾಸ್ಟೆಲಿಗೆ ಹೋಗುವ ತಾಮ್ರದ ಕೇಬಲನ್ನು ಯಾರೋ ಹಿಂದೆ ಕಂಗಿನ ಮರಗಳಿಗೆ ಕಟ್ಟಿ ಎಳೆದಿದ್ದರು. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಒಮ್ಮೆ, ಅಕ್ಟೋಬರ್-ನವೆಂಬರಿನ ತುಲಾ ತಿಂಗಳಲ್ಲಿ ಮತ್ತೊಮ್ಮೆ, ಮಧ್ಯಾಹ್ನದ ಮೇಲೆ ಸಿಡಿಲು ಬಡಿದರೆ ಎರಡೂ ಕಡೆಯ ಪೋರ್ಟು ಭಸ್ಮ. ಮರಕ್ಕೇ ಬಡಿಯಬೇಕೆಂದಿಲ್ಲ, ಹತ್ತಿರ ಬಿದ್ದರೂ ತಾಮ್ರ ಅದನ್ನು ಒಳಗೆ ಕರೆಯುತ್ತದೆ. ಕಡೆಗೆ ಕಟ್ಟಡಗಳ ನಡುವೆ ಫೈಬರ್ ಎಳೆಸಿದೆವು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆಮೇಲೆ ಸ್ವಿಚ್ ಸುಟ್ಟಿಲ್ಲ. ಅಳಿಲು ಒಮ್ಮೆ ಕಚ್ಚಿದೆ, ಅದು ಬೇರೆ.

2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದ ಪ್ರಕಾರ ಲಾಗ್ 180 ದಿನ ಇಡಬೇಕು. ಯಾರು, ಯಾವಾಗ, ಯಾವ ಐಪಿ, ಅಷ್ಟನ್ನು ಇಡುತ್ತೇನೆ. ಯಾವ ಸೈಟಿನಲ್ಲಿ ಏನು ಓದಿದರು ಎಂದು ನೋಡುವುದಿಲ್ಲ. ಒಬ್ಬ ತಂದೆ ಕೇಳಿಕೊಂಡು ಬಂದಿದ್ದರು. ಚಾ ಕುಡಿಸಿ ಕಳಿಸಿದೆ.

ಈ ಸಲ ಹೊಸಬನೊಬ್ಬ ಸರ್ವರ್ ಕೋಣೆಯ ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದ. ಅಣ್ಣ ಇಲ್ಲೇ ಓದಿದ್ದಂತೆ, ಮೊದಲ ದಿನವೇ ಫೋನಿನ ನಂಬರ್ ಬರೆದುಕೊಂಡು ಹೋಗು ಎಂದಿದ್ದನಂತೆ. ಅದರ ಅಗತ್ಯ ಈಗ ಇಲ್ಲ ಎಂದೆ. ಅಭ್ಯಾಸಬಲದಿಂದ ಚೀಟಿಯ ಮೇಲೆ ಕಣ್ಣು ಹೋಯಿತು. ಎರಡನೇ ಅಕ್ಷರ ಎ.