ಜಪಾನ್ ಮತ್ತೆ ಅಣುವಿದ್ಯುತ್ತಿಗೆ: ಆ ಸುದ್ದಿಯನ್ನು ಓದುವುದು ಹೇಗೆ?

"ಜಪಾನ್ ಮತ್ತೆ ಅಣುಸ್ಥಾವರ ಶುರು ಮಾಡ್ತಂತೆ" ಅಂದರೆ ಸಾಕು, ಉಡುಪಿಯ ಹೋಟೆಲಿನಲ್ಲಿ ಪ್ಲೇಟಿನ ಗೋಳಿಬಜೆ ತಣ್ಣಗಾಗುವವರೆಗೂ ವಾದ ನಡೆಯುತ್ತದೆ. ವಾದ ಮಾಡಿ, ಬೇಡ ಅನ್ನುವುದಿಲ್ಲ. ಮೊದಲು ಇಷ್ಟು ನೋಡಿಕೊಳ್ಳಿ.

ಶುರುವಾಗುತ್ತಿರುವುದು ಹೊಸದೋ ಹಳೆಯದೋ? ಬಹುತೇಕ ಹಳೆಯದೇ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತ ಆಗುವ ಮುಂಚೆ ಅಲ್ಲಿ 54 ರಿಯಾಕ್ಟರ್ ಇದ್ದವು, ದೇಶದ ಸುಮಾರು ಶೇ. 30ರಷ್ಟು ಕರೆಂಟು ಅವುಗಳಿಂದಲೇ ಬರುತ್ತಿತ್ತು, ಆಮೇಲೆ ಒಂದೊಂದಾಗಿ ಎಲ್ಲವೂ ನಿಂತವು. ಹೊಸ ಸುರಕ್ಷತಾ ನಿಯಮದಡಿ ಮೊದಲು ಎದ್ದದ್ದು ಸೆಂಡೈ ಸ್ಥಾವರ, 2015ರ ಆಗಸ್ಟ್‌ನಲ್ಲಿ.

ಆಮೇಲೆ ಗುರಿ ನೋಡಿ. ಜಪಾನ್ ಸರ್ಕಾರದ 2025ರ ಫೆಬ್ರುವರಿಯ ಇಂಧನ ಯೋಜನೆ, 2040ಕ್ಕೆ ಕರೆಂಟಿನಲ್ಲಿ ಅಣುವಿನ ಪಾಲು ಸುಮಾರು ಶೇ. 20 ಅನ್ನುತ್ತದೆ. ಅಂದರೆ ಹಳೆಯ ಮಟ್ಟಕ್ಕಿಂತ ಕಡಿಮೆಯೇ, ಅಲ್ವಾ? ಆದರೆ "ಅಣುವಿದ್ಯುತ್ತಿನ ಅವಲಂಬನೆ ಆದಷ್ಟು ತಗ್ಗಿಸುತ್ತೇವೆ" ಎಂಬ ಹಿಂದಿನ ಮಾತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ನನಗೆ ಶೇಕಡಾ ಲೆಕ್ಕಕ್ಕಿಂತ ಇದೇ ದೊಡ್ಡ ಸುದ್ದಿ.

ಮೆಗಾವ್ಯಾಟ್ ಕಂಡರೆ ಸುಮ್ನೆ ಬೆರಗಾಗಬೇಡಿ, ಮೆಸ್ಕಾಂ ಬಿಲ್ಲಿನ ಯೂನಿಟ್ಟಿಗೆ ಇಳಿಸಿ: ಒಂದು ಮೆಗಾವ್ಯಾಟ್ ಒಂದು ಗಂಟೆ ಓಡಿದರೆ ಸಾವಿರ ಯೂನಿಟ್. ನಮ್ಮ ಕೈಗಾದ ಒಂದು ಘಟಕ 220 ಮೆಗಾವ್ಯಾಟ್. ದಿನವಿಡೀ ಪೂರ್ತಿ ಓಡಿದರೆ 52.8 ಲಕ್ಷ ಯೂನಿಟ್.

ಇಂಧನ ಎಲ್ಲಿಂದ ಅಂತಲೂ ಕೇಳಿ. ಎಲ್ಲೂರಿನ ಉಷ್ಣ ಸ್ಥಾವರಕ್ಕೆ ಕಲ್ಲಿದ್ದಲು ಪಣಂಬೂರಿಗೆ ಹಡಗಿನಲ್ಲಿ ಬರುವ ಹಾಗೆ ಜಪಾನಿಗೂ ಕಲ್ಲಿದ್ದಲು, ಗ್ಯಾಸ್ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದಲೇ. ಅಣುವಿನತ್ತ ವಾಲಲು ಇದೇ ಮುಖ್ಯ ಕಾರಣಗಳಲ್ಲೊಂದು.

ಕೊನೆಗೆ, ಉರಿದ ಇಂಧನ ಎಲ್ಲಿಡುತ್ತಾರೆ? ಉರಿದ ಇಂಧನವನ್ನು ಮತ್ತೆ ಬಳಸುವಂತೆ ಮಾಡಲು ಜಪಾನಿನ ರೊಕ್ಕಾಶೊದಲ್ಲಿ ಮರುಸಂಸ್ಕರಣಾ ಘಟಕ ಕಟ್ಟುವ ಕೆಲಸ ಶುರುವಾದದ್ದು 1993ರಲ್ಲಿ. ಮುಗಿಯುವ ತಾರೀಖು ಮಾತ್ರ ಮುಂದೆ ಹೋಗುತ್ತಲೇ ಬಂದಿದೆ.